ಅಗ್ಗದ ಯಂತ್ರ, ದುಬಾರಿ ಬಿಲ್ಲು

ಕೊಚ್ಚಿ, ತಿರುವನಂತಪುರಗಳಲ್ಲಿ ದುಡಿಯುತ್ತ, ಕಂತಿನ ಮೇಲೆ ಮನೆಗೆ ಏಸಿ ತರಲು ಹೊರಟಿರುವ ಬಾಂಧವರಿಗೆ ಒಂದು ಮಾತು. ಇದನ್ನು ಶೋಕಿ ಎಂದು ನಾವು ಹಳಿಯಲಾರೆವು. ದಿನವಿಡೀ ಒಲೆಯ ಮುಂದೆ ಬೆಂದವನಿಗೆ ರಾತ್ರಿ ನಿದ್ದೆಯೂ ಬಾರದಿದ್ದರೆ ಮರುದಿನದ ದುಡಿಮೆ ಹೇಗೆ? ಆದರೆ ಅಂಗಡಿಯ ಬೆಲೆಯೊಂದನ್ನೇ ನೋಡಿ ಕೊಂಡವನು ಬಿಲ್ಲು ಬಂದಾಗ ಕೈ ಸುಟ್ಟುಕೊಳ್ಳುತ್ತಾನೆ.

ಕೇರಳದ ವಿದ್ಯುತ್ ದರದ ಮರ್ಮವನ್ನು ತಿಳಿಯಿರಿ. ಮನೆಬಳಕೆ ತಿಂಗಳಿಗೆ 250 ಯೂನಿಟ್ ಮೀರದಿದ್ದರೆ ದರ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಮೊದಲ ಯೂನಿಟ್‌ಗಳು ಅಗ್ಗ. ಆ ಗೆರೆ ದಾಟಿತೋ, ಮೊದಲ ಯೂನಿಟ್‌ನಿಂದಲೇ ಎಲ್ಲಕ್ಕೂ ಹೆಚ್ಚಿನ ದರ!

ಆದ್ದರಿಂದ ಯಂತ್ರದ ಮೇಲಿನ ನಕ್ಷತ್ರದ ಚೀಟಿಯನ್ನು ಓದಿರಿ. ಅದರಲ್ಲಿರುವ ವರ್ಷದ ಯೂನಿಟ್ ಲೆಕ್ಕ 1,600 ಗಂಟೆಗಳದು. ಎಂದರೆ 8 ಗಂಟೆಯಂತೆ 200 ರಾತ್ರಿ. ಒಂದರಲ್ಲಿ 1,000, ಇನ್ನೊಂದರಲ್ಲಿ 750 ಎಂದಿರಲಿ. ಮೊದಲನೆಯದು ತಿಂಗಳಿಗೆ 150 ಯೂನಿಟ್ ತಿನ್ನುತ್ತದೆ, ಎರಡನೆಯದು ಸುಮಾರು 113. ಮನೆಯ ಉಳಿದ ಖರ್ಚು 130 ಆದರೆ ಒಂದು 280ಕ್ಕೆ ಏರಿಸಿ ಗೆರೆ ದಾಟಿಸುತ್ತದೆ, ಇನ್ನೊಂದು 243ರಲ್ಲೇ ನಿಲ್ಲಿಸುತ್ತದೆ.

ಚಿಕ್ಕ ಕೋಣೆಗೆ ದೊಡ್ಡ ಯಂತ್ರವೂ ಬೇಡ. ಅದು ಬೇಗ ತಂಪು ಮಾಡಿ, ಕಡಲ ಹವೆಯ ತೇವ ತೆಗೆಯುವ ಮೊದಲೇ ನಿಲ್ಲುತ್ತದೆ. 26 ಡಿಗ್ರಿಗೆ ಇಟ್ಟು ಜೊತೆಗೆ ಫ್ಯಾನು ಹಾಕಿರಿ.

ಅಂಗಡಿಗೆ ಹೋಗುವಾಗ ಹಳೆಯ ಬಿಲ್ಲು ಜೇಬಿನಲ್ಲಿರಲಿ. ಸಾಮಾನ್ಯವಾಗಿ ಅದು ಎರಡು ತಿಂಗಳದ್ದು. ಅರ್ಧ ಮಾಡಿ ಲೆಕ್ಕ ಹಾಕಿರಿ. ಬೆವರು ಸುರಿಸಿ ಗಳಿಸಿದ್ದನ್ನು ಬೆವರು ಆರಿಸಲು ಸುರಿಯಬೇಡಿ.