ದೋಣಿಗೆ ಲೆಕ್ಕವಿದೆ, ದೋಣಿ ಏರಿದವರಿಗೆ?

2018ರ ಡಿಸೆಂಬರ್ 13ರಂದು ಮಲ್ಪೆ ಬಂದರಿನಿಂದ ಆಳಸಮುದ್ರ ಮೀನುಗಾರಿಕೆಗೆ ಹೊರಟ 'ಸುವರ್ಣ ತ್ರಿಭುಜ' ಎಂಬ ಬೋಟು ಕೆಲವೇ ದಿನಗಳಲ್ಲಿ ಸಂಪರ್ಕ ಕಳೆದುಕೊಂಡದ್ದನ್ನು ಕರಾವಳಿ ಮೂಲದ ನಮ್ಮ ಓದುಗ ಬಾಂಧವರು ಮರೆತಿರಲಾರರು. ಅದರಲ್ಲಿ ಉಡುಪಿ ಹಾಗೂ ಉತ್ತರ ಕನ್ನಡ ಜಿಲ್ಲೆಗಳ ಏಳು ಮಂದಿ ಮೀನುಗಾರರಿದ್ದರು. ನಾಲ್ಕು ತಿಂಗಳಿಗೂ ಮಿಕ್ಕಿದ ಶೋಧದ ಬಳಿಕ, 2019ರ ಮೇ ತಿಂಗಳ ಆರಂಭದಲ್ಲಿ, ನೌಕಾಪಡೆಯ 'ಐಎನ್‌ಎಸ್ ನಿರೀಕ್ಷಕ್' ಹಡಗು ಮಹಾರಾಷ್ಟ್ರದ ಮಾಲವಣ ಕರಾವಳಿಯಿಂದ ಸುಮಾರು 33 ಕಿ.ಮೀ. ದೂರದಲ್ಲಿ, ಸುಮಾರು 60 ಮೀಟರ್ ಆಳದಲ್ಲಿ ಆ ಬೋಟಿನ ಅವಶೇಷವನ್ನು ಪತ್ತೆಹಚ್ಚಿತು. ಏಳು ಮಂದಿ ಮಾತ್ರ ಮನೆಗೆ ಮರಳಲಿಲ್ಲ.

ಆ ದುರಂತದ ಕಾರಣಗಳ ಕುರಿತು ಆಗ ನಡೆದ ವಾದವಿವಾದಗಳನ್ನು ಇಲ್ಲಿ ಮತ್ತೆ ಕೆದಕುವ ಉದ್ದೇಶ ನಮಗಿಲ್ಲ. ಆದರೆ 2025ರ ನವೆಂಬರ್ ತಿಂಗಳಲ್ಲಿ ಕೇಂದ್ರ ಸರ್ಕಾರವು ದೇಶದ ವಿಶೇಷ ಆರ್ಥಿಕ ವಲಯದ ಮೀನುಗಾರಿಕೆಗಾಗಿ ಹೊಸ ನಿಯಮಗಳನ್ನು ಪ್ರಕಟಿಸಿ, ಬೋಟುಗಳ ನೋಂದಣಿ, ಅನುಮತಿ ಮತ್ತು ನಿಗಾ ವ್ಯವಸ್ಥೆಯನ್ನು ಇನ್ನಷ್ಟು ಬಿಗಿಗೊಳಿಸಿದೆ. ಹೀಗಿರುವಾಗ ಒಂದು ಪ್ರಶ್ನೆಯನ್ನು ಕೇಳಿಕೊಳ್ಳುವುದು ಸಕಾಲಿಕವೆಂದು ನಾವು ಭಾವಿಸುತ್ತೇವೆ. ಸರ್ಕಾರ ಬರೆದಿಟ್ಟುಕೊಳ್ಳುವ ಈ ದಾಖಲೆಗಳೆಲ್ಲ ಯಾರ ಉಪಯೋಗಕ್ಕೆ?

ಮೊದಲಿಗೆ ಕಾನೂನಿನ ಚೌಕಟ್ಟನ್ನು ಸಂಕ್ಷಿಪ್ತವಾಗಿ ಗಮನಿಸೋಣ. ನಮ್ಮ ಸಂವಿಧಾನವು ಮೀನುಗಾರಿಕೆಯನ್ನು ರಾಜ್ಯಗಳ ಪಟ್ಟಿಯಲ್ಲಿಯೂ, ಪ್ರಾದೇಶಿಕ ಸಮುದ್ರದಿಂದಾಚೆಯ ಮೀನುಗಾರಿಕೆಯನ್ನು ಕೇಂದ್ರದ ಪಟ್ಟಿಯಲ್ಲಿಯೂ ಇರಿಸಿದೆ. ದಡದಿಂದ 12 ನಾಟಿಕಲ್ ಮೈಲುಗಳವರೆಗೆ, ಅಂದರೆ ಸುಮಾರು 22 ಕಿ.ಮೀ.ವರೆಗೆ, ರಾಜ್ಯದ ಅಧಿಕಾರ. ಅಲ್ಲಿಂದ 200 ನಾಟಿಕಲ್ ಮೈಲುಗಳವರೆಗೆ ಕೇಂದ್ರದ ಅಧಿಕಾರ. ಮಹಾರಾಷ್ಟ್ರವು 1981ರಲ್ಲಿ, ಕರ್ನಾಟಕವು 1986ರಲ್ಲಿ ಸಮುದ್ರ ಮೀನುಗಾರಿಕೆ ನಿಯಂತ್ರಣ ಕಾಯ್ದೆಗಳನ್ನು ಜಾರಿಗೆ ತಂದವು. ಮೀನಿಗೆ ಈ ಗೆರೆಗಳ ಅರಿವಿಲ್ಲ. ಮೀನಿನ ಬೆನ್ನುಹತ್ತಿ ಹೋಗುವ ಬೋಟಿಗಾದರೋ ಪ್ರತಿಯೊಂದು ಗೆರೆಯೂ ಒಂದೊಂದು ಕಚೇರಿ. ಮಲ್ಪೆಯ ಬೋಟು ಮೀನನ್ನು ಅರಸುತ್ತ ಉತ್ತರಕ್ಕೆ ಸಾಗಿ, ಗೋವೆಯನ್ನು ದಾಟಿ, ರತ್ನಾಗಿರಿಯ ಕಡಲಿನಲ್ಲಿ ಬಲೆ ಹಾಕುವ ಹೊತ್ತಿಗೆ ಮೂರು ರಾಜ್ಯಗಳ ನಿಯಮಗಳನ್ನೂ ಕೇಂದ್ರದ ನಿಯಮಗಳನ್ನೂ ಎದುರಿಸಬೇಕಾಗುತ್ತದೆ.

ಬೋಟುಗಳ ದಾಖಲೆಯ ಕುರಿತು ದೇಶವು ಎಚ್ಚೆತ್ತುಕೊಂಡದ್ದು ಮುಂಬಯಿಯ ರಕ್ತಪಾತದಿಂದ ಎಂಬುದನ್ನು ನಾವು ಮುಂಬಯಿ ಕನ್ನಡಿಗರು ಬಲ್ಲೆವು. 2008ರ ನವೆಂಬರ್ ತಿಂಗಳಲ್ಲಿ ಭಯೋತ್ಪಾದಕರು ಅಪಹರಿಸಿದ 'ಕುಬೇರ' ಪೋರಬಂದರಿನ ಮೀನುಗಾರಿಕಾ ಬೋಟಾಗಿತ್ತು. ಅದರ ತಾಂಡೇಲನನ್ನೂ ಸಂಗಡಿಗರನ್ನೂ ಕೊಂದು, ಹತ್ತು ಮಂದಿ ಹಂತಕರು ರಬ್ಬರ್ ದೋಣಿಯಲ್ಲಿ ಕೊಲಾಬಾ ಸಮೀಪದ ಮೀನುಗಾರರ ವಸತಿಯ ಬಳಿ ದಡ ಸೇರಿದರು. ಸಾವಿರಾರು ಬೋಟುಗಳ ನಡುವೆ ಒಂದು ಬೋಟು ಕೈ ಬದಲಾದುದು ಯಾವ ಕಡತಕ್ಕೂ ತಿಳಿಯಲಿಲ್ಲ.

ಆ ಬಳಿಕ ಸುಧಾರಣೆಗಳು ಒಂದರ ಹಿಂದೊಂದು ಬಂದವು. ರಾಷ್ಟ್ರಮಟ್ಟದಲ್ಲಿ 'ರಿಯಲ್‌ಕ್ರಾಫ್ಟ್' ಎಂಬ ಗಣಕೀಕೃತ ನೋಂದಣಿ ವ್ಯವಸ್ಥೆ ರೂಪುಗೊಂಡಿತು. ಬೋಟುಗಳಿಗೆ ಏಕರೂಪದ ನೋಂದಣಿ ಸಂಖ್ಯೆ, ರಾಜ್ಯಕ್ಕೊಂದು ಬಣ್ಣ, ಮೀನುಗಾರರಿಗೆ ಬಯೋಮೆಟ್ರಿಕ್ ಗುರುತಿನ ಚೀಟಿ ಇವೆಲ್ಲ ಜಾರಿಗೆ ಬಂದವು. 20 ಮೀಟರಿಗಿಂತ ಉದ್ದದ ನೌಕೆಗಳು ತಮ್ಮ ನೆಲೆಯನ್ನು ತಾವಾಗಿಯೇ ಸಾರುವ ಉಪಕರಣವನ್ನು ಹೊಂದಿರಬೇಕೆಂದು ವಿಧಿಸಲಾಯಿತು. ಆದರೆ ನಮ್ಮ ಮೀನುಗಾರಿಕಾ ಬೋಟುಗಳಲ್ಲಿ ಬಹುಪಾಲು ಅದಕ್ಕಿಂತ ಚಿಕ್ಕವು. ಈ ಕೊರತೆಯನ್ನು ನೀಗಲು ಇಸ್ರೋ ತಂತ್ರಜ್ಞಾನದ ಟ್ರಾನ್ಸ್‌ಪಾಂಡರುಗಳನ್ನು ಒಂದು ಲಕ್ಷ ಬೋಟುಗಳಿಗೆ ಅಳವಡಿಸುವ ಯೋಜನೆಗೆ 2024ರ ಆಗಸ್ಟ್ 30ರಂದು ಪ್ರಧಾನಿಯವರು ನಮ್ಮ ನೆರೆಯ ಪಾಲ್ಘರ್‌ನಲ್ಲಿ ಚಾಲನೆ ನೀಡಿದರು. ಸುಮಾರು 360 ಕೋಟಿ ರೂಪಾಯಿಗಳ ಈ ಯೋಜನೆಯಲ್ಲಿ ಉಪಗ್ರಹದ ಮೂಲಕ ಬೋಟಿನ ನೆಲೆ ತಿಳಿಯುವುದಲ್ಲದೆ, ಮೊಬೈಲ್ ಸಂಕೇತ ಸಿಗದ ಆಳಸಮುದ್ರದಿಂದಲೂ ಸಂದೇಶಗಳ ವಿನಿಮಯ ಸಾಧ್ಯವಾಗುತ್ತದೆ.

2025ರ ನಿಯಮಗಳು ಈ ಸರಪಳಿಯ ಹೊಸ ಕೊಂಡಿ. ಯಾಂತ್ರೀಕೃತ ಬೋಟುಗಳೂ ದೊಡ್ಡ ಮೋಟಾರು ಬೋಟುಗಳೂ ವಿಶೇಷ ಆರ್ಥಿಕ ವಲಯದಲ್ಲಿ ಮೀನು ಹಿಡಿಯಲು 'ಆಕ್ಸೆಸ್ ಪಾಸ್' ಎಂಬ ಅನುಮತಿ ಪತ್ರವನ್ನು ಪಡೆಯಬೇಕು. ಅದು ರಿಯಲ್‌ಕ್ರಾಫ್ಟ್ ಮೂಲಕವೇ, ಶುಲ್ಕವಿಲ್ಲದೆ ದೊರೆಯುತ್ತದೆ. ಸಾಂಪ್ರದಾಯಿಕ ಹಾಗೂ ಸಣ್ಣ ದೋಣಿಗಳಿಗೆ ವಿನಾಯಿತಿ ಇದೆ. ಎಲ್‌ಇಡಿ ದೀಪದ ಮೀನುಗಾರಿಕೆ, ಬುಲ್ ಟ್ರಾಲಿಂಗ್ ಮುಂತಾದ ವಿನಾಶಕಾರಿ ವಿಧಾನಗಳಿಗೆ ನಿಷೇಧವಿದೆ. ಸಹಕಾರ ಸಂಘಗಳಿಗೆ ಆದ್ಯತೆ ನೀಡಿರುವುದು ಸ್ವಾಗತಾರ್ಹ.

ಹೀಗೆ ದೋಣಿಯ ಲೆಕ್ಕ ದಿನೇ ದಿನೇ ಸ್ಪಷ್ಟವಾಗುತ್ತಿದೆ. ಮೀನಿನ ಲೆಕ್ಕವೇನು? ದೇಶದ ಸಮುದ್ರ ಮೀನಿನ ಇಳುವರಿಯ ಅಂಕಿ ಅಂಶಗಳನ್ನು ದಶಕಗಳಿಂದ ನೀಡುತ್ತ ಬಂದಿರುವುದು ಕೊಚ್ಚಿಯ ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆ. ಅದರ ಸಿಬ್ಬಂದಿ ಆಯ್ದ ದಿನಗಳಲ್ಲಿ ಆಯ್ದ ಬಂದರುಗಳಿಗೆ ತೆರಳಿ, ಕೆಲವು ಬೋಟುಗಳ ಮೀನನ್ನು ಗಮನಿಸಿ, ಅದರ ಆಧಾರದ ಮೇಲೆ ಒಟ್ಟು ಇಳುವರಿಯನ್ನು ಅಂದಾಜಿಸುತ್ತಾರೆ. ಶಾಸ್ತ್ರೀಯವಾದ, ಗೌರವಾರ್ಹವಾದ ವಿಧಾನವಿದು. ಆದರೆ ಇದು ಕಡಲಿನ ಒಟ್ಟು ಸ್ಥಿತಿಯ ಅಂದಾಜೇ ಹೊರತು ಇಂಥ ಬೋಟಿನ ಇಂಥ ಯಾನದ ಲೆಕ್ಕವಲ್ಲ. 2010ರಿಂದ ಯುರೋಪ್ ಒಕ್ಕೂಟವು ತನ್ನ ಮಾರುಕಟ್ಟೆಗೆ ಬರುವ ಕಡಲ ಮೀನಿಗೆ ಅದನ್ನು ಹಿಡಿದ ಬೋಟಿನ ವಿವರವುಳ್ಳ ಪ್ರಮಾಣಪತ್ರವನ್ನು ಕಡ್ಡಾಯ ಮಾಡಿದೆ. ರಫ್ತಿನ ಮೀನಿನ ಮಟ್ಟಿಗಾದರೂ ಬೋಟಿನ ಸಂಖ್ಯೆ ಕಾಗದದ ಮೇಲೆ ಮೂಡುತ್ತಿರುವುದು ಈ ಒತ್ತಡದಿಂದ.

ಇಲ್ಲೊಂದು ಸೂಕ್ಷ್ಮವನ್ನು ಗಮನಿಸಬೇಕು. ಎಲ್ಲಿ ದಾಖಲೆಗೆ ಪ್ರತಿಫಲವಿದೆಯೋ ಅಲ್ಲಿ ದಾಖಲೆ ಸರಿಯಾಗಿರುತ್ತದೆ. ನೋಂದಣಿ ಇಲ್ಲದಿದ್ದರೆ ರಿಯಾಯಿತಿಯ ಡೀಸೆಲ್ ಇಲ್ಲ, ಬ್ಯಾಂಕಿನ ಸಾಲವಿಲ್ಲ. ಆದುದರಿಂದ ಮಾಲೀಕನು ನೋಂದಣಿಯನ್ನು ಜೋಪಾನ ಮಾಡುತ್ತಾನೆ. ಪ್ರಮಾಣಪತ್ರವಿಲ್ಲದಿದ್ದರೆ ರಫ್ತಿಲ್ಲ, ಆದುದರಿಂದ ವ್ಯಾಪಾರಿಯು ಬೋಟಿನ ಸಂಖ್ಯೆಯನ್ನು ಬರೆದಿಡುತ್ತಾನೆ. ಆದರೆ ಈ ಬಾರಿ ಬೋಟು ಏರಿದ ಕಲಾಸಿಗಳು ಯಾರು ಯಾರು ಎಂಬುದನ್ನು ಬರೆದಿಡುವುದರಿಂದ ಯಾರಿಗೂ ಕೂಡಲೇ ಲಾಭವಿಲ್ಲ. ಆದುದರಿಂದ ಆ ಕಾಲಮು ಎಲ್ಲಕ್ಕಿಂತ ದುರ್ಬಲವಾಗಿ ಉಳಿಯುತ್ತದೆ.

ಬೋಟು ಬದಲಾಗುವುದು ಅಪರೂಪ. ಕಲಾಸಿಗಳು ಬದಲಾಗುವುದು ಸಾಮಾನ್ಯ. ಹೊರಡುವ ಹೊತ್ತಿಗೆ ಒಬ್ಬನಿಗೆ ಜ್ವರವೆಂದರೆ ಇನ್ನೊಬ್ಬ ಏರುತ್ತಾನೆ. ಮಲ್ಪೆ, ಮಂಗಳೂರುಗಳ ಬೋಟುಗಳಲ್ಲಿ ಇಂದು ಕರಾವಳಿಯ ಮೊಗವೀರ, ಖಾರ್ವಿ ಸಮುದಾಯದವರಲ್ಲದೆ ಒಡಿಶಾ, ಜಾರ್ಖಂಡ್, ಆಂಧ್ರ, ತಮಿಳುನಾಡುಗಳ ಕಾರ್ಮಿಕರೂ ದುಡಿಯುತ್ತಾರೆ. ಸಾವಿರಾರು ಕಿ.ಮೀ. ದೂರದ ಮನೆಯವರಿಗೆ ತಮ್ಮ ಮಗ ಯಾವ ಬೋಟಿನಲ್ಲಿದ್ದಾನೆಂಬುದು ತಿಳಿಯುವುದು ಅವನು ಫೋನಿನಲ್ಲಿ ಹೇಳಿದರೆ ಮಾತ್ರ. ಗುಜರಾತಿನಲ್ಲಿ ಪ್ರತಿ ಯಾನಕ್ಕೂ ಟೋಕನ್ ಪಡೆದು ಹೊರಡುವ ಪದ್ಧತಿ ಇದೆ. ಎಲ್ಲ ರಾಜ್ಯಗಳಲ್ಲಿಯೂ ಇಂಥದೊಂದು ಪದ್ಧತಿ ಏಕರೂಪವಾಗಿ, ಕಟ್ಟುನಿಟ್ಟಾಗಿ ನಡೆಯಬೇಕಾಗಿದೆ.

ಈ ಕಾಲಮು ಖಾಲಿ ಇದ್ದರೆ ಆಗುವುದೇನು ಎಂಬುದನ್ನು ಬ್ಯಾಂಕ್ ವೃತ್ತಿಯಲ್ಲಿ ಮೂರು ದಶಕ ಕಳೆದ ನಾವು ಸ್ವಲ್ಪಮಟ್ಟಿಗೆ ಬಲ್ಲೆವು. ಮನುಷ್ಯ ತೀರಿಕೊಂಡರೆ ಮರಣ ಪ್ರಮಾಣಪತ್ರ ಬರುತ್ತದೆ, ವಾರಸುದಾರರಿಗೆ ಹಣ ಸಂದಾಯವಾಗುತ್ತದೆ. ಮನುಷ್ಯ ಕಡಲಿನಲ್ಲಿ ಕಾಣೆಯಾದರೆ? ದೇಹ ಸಿಗದಿದ್ದಲ್ಲಿ ಮರಣ ಪ್ರಮಾಣಪತ್ರ ಸುಲಭವಾಗಿ ಸಿಗದು. ಏಳು ವರ್ಷ ಸುದ್ದಿ ಇಲ್ಲದವನನ್ನು ಮೃತನೆಂದು ಭಾವಿಸಬಹುದೆಂಬುದು ನಮ್ಮ ಸಾಕ್ಷ್ಯ ಕಾನೂನಿನ ಹಳೆಯ ಸೂತ್ರ. ಬ್ಯಾಂಕುಗಳಲ್ಲಿಯೂ ಬಹುಕಾಲ ಇದೇ ಸೂತ್ರ ನಡೆಯಿತು. ಸಣ್ಣ ಮೊತ್ತದ ಖಾತೆದಾರರ ಕುಟುಂಬಗಳು ಅಷ್ಟು ಕಾಲ ಕಾಯುವುದು ಕ್ರೂರವೆಂದು ಮನಗಂಡ ರಿಸರ್ವ್ ಬ್ಯಾಂಕು 2008ರ ಮೇ ತಿಂಗಳಲ್ಲಿ ಒಂದು ಸುತ್ತೋಲೆ ಹೊರಡಿಸಿ, ನಿಗದಿತ ಮೊತ್ತದವರೆಗೆ ಪ್ರಥಮ ಮಾಹಿತಿ ವರದಿ, ಪತ್ತೆಯಾಗಿಲ್ಲವೆಂಬ ಪೊಲೀಸ್ ವರದಿ ಮತ್ತು ಇಂಡೆಮ್ನಿಟಿ ಪತ್ರಗಳ ಆಧಾರದ ಮೇಲೆ ಹಣ ಪಾವತಿಸಲು ಬ್ಯಾಂಕುಗಳು ಕ್ರಮ ರೂಪಿಸಬಹುದೆಂದು ತಿಳಿಸಿತು. ಆದರೆ ಪೊಲೀಸ್ ವರದಿಯಾದರೂ ಯಾವುದರ ಮೇಲೆ ನಿಲ್ಲಬೇಕು? ಅವನು ಆ ದಿನ ಆ ಬೋಟಿನಲ್ಲಿದ್ದನೆಂಬುದಕ್ಕೆ ಬರಹದ ಆಧಾರ ಬೇಕಲ್ಲವೇ?

ಮತ್ಸ್ಯ ಸಂಪದ ಯೋಜನೆಯ ಗುಂಪು ವಿಮೆಯಡಿ ಅಪಘಾತದಲ್ಲಿ ಮಡಿದ ಮೀನುಗಾರನ ಕುಟುಂಬಕ್ಕೆ 5 ಲಕ್ಷ ರೂಪಾಯಿ ನೀಡುವ ಏರ್ಪಾಡು ಇದೆ. ಅಲ್ಲಿಯೂ ಕೇಳುವ ಮೊದಲ ಪ್ರಶ್ನೆ ಇದೇ. ಊರವರೆಲ್ಲರಿಗೆ ತಿಳಿದಿರುವ ಸತ್ಯವೊಂದು ಕಡತದಲ್ಲಿ ಇಲ್ಲವೆಂಬ ಕಾರಣಕ್ಕೆ ಒಬ್ಬ ಹೆಣ್ಣುಮಗಳು ಕಚೇರಿಯಿಂದ ಕಚೇರಿಗೆ ಅಲೆಯಬೇಕಾಗುವುದು ಯಾವ ನ್ಯಾಯ?

ಬ್ಯಾಂಕಿಗೆ ಹಣ ಕಟ್ಟಲು ಬಂದ ಗ್ರಾಹಕ ಚಲನ್ ತುಂಬಿ ಕೊಡುತ್ತಾನೆ. ನಾವು ಹಣ ಪಡೆದು, ಮೊಹರು ಒತ್ತಿ, ಚಲನ್ನಿನ ಇನ್ನೊಂದು ಭಾಗವನ್ನು ಅವನ ಕೈಗೆ ಮರಳಿಸುತ್ತೇವೆ. ನಾಳೆ ಬ್ಯಾಂಕಿನ ಪುಸ್ತಕದಲ್ಲಿ ತಪ್ಪಾದರೆ ಅವನ ಬಳಿ ಆ ತುಂಡು ಕಾಗದವಿರುತ್ತದೆ. ಇಂದಿನ ಮೀನುಗಾರಿಕಾ ದಾಖಲೆಗಳ ವ್ಯವಸ್ಥೆಯಲ್ಲಿ ಕೊರತೆಯಾಗಿರುವುದು ಈ ಮರುಪ್ರತಿ. ಮೀನುಗಾರನು ತನ್ನ ಹೆಸರು, ಬೆರಳಚ್ಚು, ಬೋಟಿನ ನೆಲೆ ಎಲ್ಲವನ್ನೂ ಸರ್ಕಾರಕ್ಕೆ ಒಪ್ಪಿಸುತ್ತಾನೆ. ಪ್ರತಿಯಾಗಿ ತನ್ನ ಬಳಿ ಇರಿಸಿಕೊಳ್ಳಬಹುದಾದದ್ದು ಅವನಿಗೆ ದೊರಕುವುದು ಕಡಿಮೆ.

ಇದನ್ನು ಸರಿಪಡಿಸಲು ಹೊಸ ಕಾಯ್ದೆ ಬೇಕಾಗಿಲ್ಲ. ಬೋಟು ದಕ್ಕೆ ಬಿಡುವ ಮುನ್ನ ಹತ್ತಿದವರ ಗುರುತಿನ ಚೀಟಿಯ ಸಂಖ್ಯೆಗಳನ್ನು ಮೊಬೈಲಿನಲ್ಲಿ ದಾಖಲಿಸಿ, ಮನೆಯವರ ಫೋನಿಗೆ ಒಂದು ಸಂದೇಶ ಹೋಗುವಂತೆ ಮಾಡುವುದು ಇಂದಿನ ತಂತ್ರಜ್ಞಾನಕ್ಕೆ ಕಷ್ಟವಲ್ಲ. ಆ ನಮೂದನ್ನು ವಿಮೆ, ಪರಿಹಾರ ಹಾಗೂ ಬ್ಯಾಂಕಿನ ವ್ಯವಹಾರಗಳಲ್ಲಿ ಪ್ರಾಥಮಿಕ ಸಾಕ್ಷ್ಯವೆಂದು ಸ್ವೀಕರಿಸುವ ಆದೇಶವೊಂದು ಜೊತೆಗಿರಬೇಕು. ಮೀನಿನ ಲೆಕ್ಕದಲ್ಲಿಯೂ ಹೀಗೆಯೇ. ಡೀಸೆಲ್, ಮಂಜುಗಡ್ಡೆಗಳ ಖರ್ಚು ಕಳೆದು ಪಾಲಿನ ಲೆಕ್ಕದಲ್ಲಿ ಸಂಬಳ ಪಡೆಯುವ ಕಲಾಸಿಗೆ ಮೀನಿನ ತೂಕದ ದಾಖಲೆಯೆಂದರೆ ತನ್ನ ಕೂಲಿಯ ದಾಖಲೆ. ಅದರ ಪ್ರತಿ ಅವನಿಗೂ ಸಿಕ್ಕರೆ, ಲೆಕ್ಕ ಸರಿ ಇರಬೇಕೆಂದು ಬಯಸುವವನೊಬ್ಬ ಬೋಟಿನಲ್ಲಿಯೇ ಇದ್ದಂತಾಗುತ್ತದೆ.

ಮಾಲೀಕರ ಆಕ್ಷೇಪಗಳನ್ನು ಹಗುರವಾಗಿ ಕಾಣಬಾರದು. ಜೂನ್ ಮತ್ತು ಜುಲೈ ತಿಂಗಳುಗಳ 61 ದಿನಗಳ ನಿಷೇಧವನ್ನು ಕಳೆದು, ಉಳಿದ ಅವಧಿಯಲ್ಲಿ ಸಾಲದ ಕಂತು, ಡೀಸೆಲ್ ಬಿಲ್ಲು, ಬಲೆಯ ದುರಸ್ತಿ ಎಲ್ಲವನ್ನೂ ಹೊಂದಿಸಬೇಕಾದವರು ಅವರು. ನಿಯಮ ಪಾಲಿಸಿದವನಿಗೆ ಕಾಗದದ ಹೊರೆ, ಪಾಲಿಸದವನಿಗೆ ಮೀನಿನ ರಾಶಿ ಎಂಬಂತಾದರೆ ಯಾರೂ ನಿಯಮವನ್ನು ಗೌರವಿಸಲಾರರು. 2017ರಲ್ಲಿಯೇ ಕೇಂದ್ರವು ನಿಷೇಧಿಸಿದ್ದ ದೀಪದ ಮೀನುಗಾರಿಕೆಯನ್ನು 2025ರಲ್ಲಿ ಮತ್ತೆ ನಿಷೇಧಿಸಬೇಕಾಗಿ ಬಂದದ್ದೇ ಆಜ್ಞೆಗೂ ಆಚರಣೆಗೂ ಇರುವ ಅಂತರವನ್ನು ತೋರಿಸುತ್ತದೆ. ಮೀನು ಎಲ್ಲಿ ಸಿಗುತ್ತದೆಂಬುದು ತಾಂಡೇಲನ ಜೀವಮಾನದ ಗಳಿಕೆ. ಟ್ರಾನ್ಸ್‌ಪಾಂಡರ್ ಸಾರುವ ನೆಲೆಯ ವಿವರ ಅನ್ಯರ ಕೈಗೆ ಸೇರದೆಂಬ ಭರವಸೆಯನ್ನೂ ಸರ್ಕಾರ ನೀಡಬೇಕು.

ಮುಂಬಯಿಯ ಮೊಗವೀರ ಸಮುದಾಯದ ಸಂಸ್ಥೆಗಳು ಶತಮಾನಕ್ಕೂ ಮಿಕ್ಕಿ ವಿದ್ಯಾದಾನ, ಸಮಾಜಸೇವೆಗಳಲ್ಲಿ ತೊಡಗಿವೆ. ನಮ್ಮಲ್ಲಿ ಅನೇಕರ ಮಕ್ಕಳು ಬ್ಯಾಂಕು, ಗಣಕಯಂತ್ರ, ವಕೀಲಿ ವೃತ್ತಿಗಳಲ್ಲಿದ್ದಾರೆ. ಅಜ್ಜಂದಿರ ಕಾಲದ ಬಲೆ ಇಂದು ಮನೆಯಲ್ಲಿಲ್ಲ. ಆದರೂ ಊರಿನ ದಕ್ಕೆಯಿಂದ ಬೋಟು ಹೊರಡುವುದು ನಿಂತಿಲ್ಲ. ಊರಿಗೆ ಹೋದಾಗ ನಾವು ಮಾಡಬಹುದಾದ ಒಂದು ಸಣ್ಣ ಕೆಲಸವಿದೆ. ಕಡಲಿಗೆ ಹೋಗುವ ನೆಂಟರಿಷ್ಟರ ಗುರುತಿನ ಚೀಟಿ, ವಿಮೆಯ ಹೆಸರು ನೋಂದಣಿ, ಬ್ಯಾಂಕ್ ಖಾತೆಯ ನಾಮನಿರ್ದೇಶನ ಈ ಮೂರೂ ಸರಿಯಾಗಿವೆಯೇ ಎಂದು ಕೇಳಿ ನೋಡುವುದು. ನಾಮನಿರ್ದೇಶನದ ಅರ್ಜಿ ತುಂಬಲು ಐದು ನಿಮಿಷ ಸಾಕು. ಅದು ಇಲ್ಲದಿದ್ದರೆ ಹಿಂದೆ ಉಳಿದವರು ಪಡುವ ಪಾಡನ್ನು ನಾವು ಕೌಂಟರಿನ ಈಚೆ ಕುಳಿತು ಕಂಡಿದ್ದೇವೆ.

'ಸುವರ್ಣ ತ್ರಿಭುಜ'ದ ನೋಂದಣಿ ಕಡತದಲ್ಲಿ ಬೋಟಿನ ಲೆಕ್ಕ ಒಂದು. ಅದರ ಸಂಗಡ ಹೋದ ಮನೆಗಳ ಲೆಕ್ಕ ಏಳು. ಸರ್ಕಾರದ ಮುಂದಿನ ದಾಖಲೆಗಳಲ್ಲಿ ಈ ಎರಡನೆಯ ಲೆಕ್ಕಕ್ಕೂ ಒಂದು ಕಾಲಮು ಇರಲಿ. ಅದರ ಮೊಹರು ಒತ್ತಿದ ಮರುಪ್ರತಿ ಆ ಮನೆಗಳಿಗೂ ತಲುಪಲಿ ಎಂಬುದೇ ನಮ್ಮ ಆಶಯ.