ಮೌಂಟ್ ನೋಡಿದ್ರಾ ಸ್ವಾಮಿ?

ಸಿಗ್ನಲ್ಲಲ್ಲಿ ನಿಂತ್ರೆ ಸ್ಟೀರಿಂಗ್ ಗಡಗಡ ನಡುಗುತ್ತೆ ಅಂತ ಸರ್ವೀಸ್ ಸೆಂಟರಿಗೆ ಹೋದ್ರೆ ಸಿಕ್ಕ ಉತ್ತರ: "3 ಸಿಲಿಂಡರ್ ಗಾಡಿ ಸರ್, ಹಂಗೇ ಇರುತ್ತೆ." ಆಮೇಲೆ ಇಂಜೆಕ್ಟರ್ ಕ್ಲೀನಿಂಗು, ಸ್ಪಾರ್ಕ್ ಪ್ಲಗ್ಗು ಅಂತ ಎರಡು ಬಿಲ್ಲು. ನಡುಕ ಹಾಗೇ ಇತ್ತು!

ಕೊನೆಗೆ ನಮ್ಮ ಬೀದಿಯ ಗ್ಯಾರೇಜಿನ ಹುಡುಗ ಬಾನೆಟ್ ಎತ್ತಿಸಿ, ಬ್ರೇಕ್ ಒತ್ತಿಕೊಂಡೇ ಗೇರಲ್ಲಿ ಕ್ಲಚ್ ಸ್ವಲ್ಪ ಬಿಡೋಕೆ ಹೇಳಿದ. ಇಂಜಿನ್ ಎದ್ದು ಕುಣೀತು. ಮೌಂಟಿನ ರಬ್ಬರ್ ಹರಿದಿತ್ತು. ಸಂಪಿನಡಿ ಮರದ ಹಲಗೆಯಿಟ್ಟು ಜಾಕ್ ಕೊಟ್ಟು ಹೊಸದು ಹಾಕಿದ. ನಡುಕ ನಿಂತಿತು.

3 ಸಿಲಿಂಡರ್ ಇಂಜಿನ್ ತುಸು ನಡುಗೋದು ನಿಜ, ಒಪ್ಪಿದೆ. ಆದರೆ ಹೊಸದರಲ್ಲಿ ಇಲ್ಲದ ನಡುಕ ಈಗೆಲ್ಲಿಂದ ಬಂತು? ಒಂದು ಮೌಂಟ್ ಹರಿದ್ರೆ ಭಾರ ಉಳಿದವುಗಳ ಮೇಲೆ ಬಿದ್ದು ಅವೂ ಬೇಗ ಹೋಗ್ತವೆ. "ಹಂಗೇ ಇರುತ್ತೆ" ಅನ್ನೋದು ಮುಂದಿನ ಬಿಲ್ಲಿಗೆ ಅಡ್ವಾನ್ಸು, ಅಷ್ಟೇ. ಬಿಲ್ಲಿಗೆ ಸಹಿ ಹಾಕೋ ಮುಂಚೆ ನೀವೂ ಕೇಳಿ!