ಅಗ್ಗದ ಟಿಕೆಟ್ಟಿನ ಬಾಕಿ ಕಟ್ಟುವವರು ಯಾರು?

ಬಹ್ರೈನ್‌ನಲ್ಲಿರುವ ಕನ್ನಡ ಬಂಧುಗಳೇ, ಗುರುವಾರ ಸಂಜೆ ಆಫೀಸಿನಿಂದ ನೇರ ಏರ್‌ಪೋರ್ಟಿಗೆ ಹೋಗಿ ಶನಿವಾರ ರಾತ್ರಿ ವಾಪಸು ಬರುವ ದುಬೈ ಟ್ರಿಪ್ಪುಗಳನ್ನು ದಯವಿಟ್ಟು ನಿಲ್ಲಿಸಿ. ಈದ್ ರಜೆಯಲ್ಲಿ ಬಾಕುವಿಗೋ ಟಿಬಿಲಿಸಿಗೋ ಮೂರು ದಿನ ಹಾರಿ ಬರುವುದನ್ನೂ ಬಿಡಿ. ಸುತ್ತಿ ಬಳಸಿ ಹೇಳಿದರೆ ಈ ಮಾತು ಯಾರಿಗೂ ತಟ್ಟುವುದಿಲ್ಲ, ಅದಕ್ಕೇ ಮೊದಲೇ ನೇರವಾಗಿ ಹೇಳಿಬಿಟ್ಟಿದ್ದೇನೆ.

ನಮ್ಮ ಕೂಟಗಳಲ್ಲಿ, ಮಕ್ಕಳ ಹುಟ್ಟುಹಬ್ಬಗಳಲ್ಲಿ ಈಗ ಹೆಚ್ಚಾಗಿ ಕಿವಿಗೆ ಬೀಳುವ ಮಾತು ಒಂದೇ: "ಟಿಕೆಟ್ ಚೀಪ್ ಇತ್ತು, ಹೋಗಿ ಬಂದ್ವಿ." ಅಲ್ಲಿ ಕೆಲಸವೇನಾದರೂ ಇತ್ತೇ? ಇಲ್ಲ. ನೋಡಲೇಬೇಕಾದ ನೆಂಟರು? ಅವರೂ ಇಲ್ಲ. ದರ ಇಳಿದಿತ್ತು, ಅದಕ್ಕೇ ಹೋದದ್ದು. ಮನೆಮಂದಿಯೆಲ್ಲ ಒಂದು ಒಳ್ಳೆಯ ಹೋಟೆಲಿನಲ್ಲಿ ಉಂಡರೆ ಆಗುವ ದುಡ್ಡಿನಲ್ಲಿ ಒಂದು ಸೀಟು ಸಿಕ್ಕಿಬಿಡುತ್ತದೆ. ಆ ಸೀಟಿಗೆ ತಗಲಿದ ಉಳಿದ ಖರ್ಚನ್ನು ಯಾರು ಕೊಟ್ಟರು ಎಂದು ಮಾತ್ರ ನಾವು ಕೇಳುವುದಿಲ್ಲ.

ಗುದೈಬಿಯಾದ ಹಳೇ ಕಟ್ಟಡಗಳ ಒಂದು ಕೋಣೆಗೆ ಬನ್ನಿ. ಆರೆಂಟು ಜನ ಮಲಗುವ ರೂಮು. ಮಂಚದ ಕೆಳಗೆ ಒಂದು ಕಾರ್ಟನ್ ಪೆಟ್ಟಿಗೆ. ನಿಡೋ ಹಾಲಿನ ಪುಡಿಯ ಡಬ್ಬ, ಟ್ಯಾಂಗ್, ಆಕ್ಸ್ ಎಣ್ಣೆಯ ಸೀಸೆಗಳು, ಮಗಳಿಗೆಂದು ಕೊಂಡ ಸ್ಕೂಲ್ ಬ್ಯಾಗು, ಎಲ್ಲ ಒಂದೊಂದಾಗಿ ತಿಂಗಳುಗಟ್ಟಲೆ ಕೂಡಿಟ್ಟದ್ದು. ಊರಿಗೆ ಹೊರಡುವ ಹಿಂದಿನ ರಾತ್ರಿ ಅದಕ್ಕೆ ನೈಲಾನ್ ಹಗ್ಗ ಬಿಗಿದು, ಮಾರ್ಕರ್ ಪೆನ್ನಿನಲ್ಲಿ ಹೆಸರೂ ಮಂಗಳೂರು ಎಂದೂ ದಪ್ಪಗೆ ಬರೆದು, ಕೈತಕ್ಕಡಿಗೆ ತೂಗುಹಾಕಿ ನೋಡುತ್ತಾರೆ. ಒಂದು ಕಿಲೋ ಹೆಚ್ಚಿದರೆ ಪೆಟ್ಟಿಗೆ ಮತ್ತೆ ಬಿಚ್ಚಿ ಏನನ್ನು ಬಿಡುವುದೆಂದು ಯೋಚನೆ. ಈ ಪೆಟ್ಟಿಗೆ ಕಟ್ಟುವ ಕಾರ್ಮಿಕ ಎರಡು ವರ್ಷಕ್ಕೊಮ್ಮೆ ಊರಿಗೆ ಹೋಗುವವನು. ಕಂಪೆನಿ ರಜೆ ಕೊಟ್ಟಾಗಲೇ ಹೋಗಬೇಕು, ತಂಗಿಯ ಮದುವೆಯ ದಿನಕ್ಕೆ ತಲುಪಲೇಬೇಕು. ಅಪ್ಪ ತೀರಿಕೊಂಡ ಫೋನು ಬಂದರೆ ಅಂದೇ ರಾತ್ರಿ ಹೊರಡಬೇಕು.

ವಿಮಾನ ಕಂಪೆನಿಯ ದರಪಟ್ಟಿಗೆ ಇದೆಲ್ಲ ಚೆನ್ನಾಗಿ ಗೊತ್ತು. ಯಾವ ವಾರವಾದರೂ ಹೋಗಬಹುದಾದ, ಹೋಗದಿದ್ದರೂ ನಷ್ಟವಿಲ್ಲದ ನಮ್ಮಂಥವರನ್ನು ಸೆಳೆಯಲು ದರ ಇಳಿಸುತ್ತಾರೆ. ಹೋಗಲೇಬೇಕಾದವನ ಮುಂದೆ ಅದೇ ದರ ಎರಡು, ಮೂರು ಪಟ್ಟು ಏರಿ ನಿಲ್ಲುತ್ತದೆ. ಜುಲೈಯಲ್ಲಿ, ಶಾಲೆಗಳಿಗೆ ರಜೆ ಬಿದ್ದ ಮೇಲೆ, ಈದ್ ಹತ್ತಿರ ಬಂದಾಗ ಮಂಗಳೂರಿನ ಟಿಕೆಟ್ ನೋಡಿದ ಯಾರಿಗೂ ಇದನ್ನು ವಿವರಿಸಬೇಕಾಗಿಲ್ಲ. ನಮ್ಮ ಮೋಜಿನ ಸೀಟು ಅಗ್ಗವಾಗಿರುವುದೂ ಅವನ ಅಗತ್ಯದ ಸೀಟು ತುಟ್ಟಿಯಾಗಿರುವುದೂ ಒಂದೇ ವ್ಯವಸ್ಥೆಯ ಎರಡು ಕೈಗಳು. ಇದು ಅನ್ಯಾಯ. ಮಾರುಕಟ್ಟೆಯ ನಿಯಮ ಎಂದು ಕರೆದ ಮಾತ್ರಕ್ಕೆ ಅದು ನ್ಯಾಯವಾಗುವುದಿಲ್ಲ.

ತೆರಿಗೆಯ ವಿಚಾರಕ್ಕೆ ಬನ್ನಿ. ಇಲ್ಲಿ 2019ರಲ್ಲಿ ಶೇ. 5ರಂತೆ ಬಂದ ವ್ಯಾಟ್ 2022ರ ಜನವರಿಯಿಂದ ಶೇ. 10 ಆಗಿದೆ. ಬೀದಿ ಮೂಲೆಯ ಕೋಲ್ಡ್ ಸ್ಟೋರ್‌ನಲ್ಲಿ ಸೋಪು ಕೊಂಡ ಕೂಲಿಯವನು ಆ ಹತ್ತನ್ನು ಕೊಡುತ್ತಾನೆ. ದುಬೈ ವಿಮಾನದ ಟಿಕೆಟ್ಟಿಗೆ ಆ ತೆರಿಗೆ ಸೊನ್ನೆ, ಏಕೆಂದರೆ ಅಂತರರಾಷ್ಟ್ರೀಯ ಪ್ರಯಾಣಕ್ಕೆ ವಿನಾಯಿತಿ. ವಿಮಾನ ಸುಡುವ ಇಂಧನಕ್ಕೂ ಹಾಗೆಯೇ. ಎರಡನೇ ಮಹಾಯುದ್ಧ ಮುಗಿಯುವ ಮುಂಚೆ, 1944ರಲ್ಲಿ, ಷಿಕಾಗೋದಲ್ಲಿ ಸೇರಿದ ದೇಶಗಳು ಮಾಡಿಕೊಂಡ ಒಪ್ಪಂದದಲ್ಲಿ ವಿಮಾನ ಹೊತ್ತು ತಂದ ಇಂಧನಕ್ಕೆ ಸುಂಕ ಹಾಕಬಾರದೆಂದು ಬರೆದರು. ಆಮೇಲೆ ದೇಶದೇಶಗಳ ನಡುವಿನ ಒಪ್ಪಂದಗಳು ತುಂಬಿಸಿಕೊಳ್ಳುವ ಇಂಧನಕ್ಕೂ ಅದನ್ನೇ ವಿಸ್ತರಿಸಿದವು. ಎಳೆಯ ಉದ್ಯಮವೊಂದನ್ನು ಕಾಪಾಡಲು ಕೊಟ್ಟ ರಿಯಾಯಿತಿ ಅದು. ಎಂಬತ್ತು ವರ್ಷ ಕಳೆದ ಮೇಲೂ ಹಳ್ಳಿಯ ಬಸ್ಸಿನ ಡೀಸೆಲ್ಲಿಗೆ ತೆರಿಗೆ ಇದೆ, ದೇಶದಿಂದ ದೇಶಕ್ಕೆ ಹಾರುವ ವಿಮಾನದ ಇಂಧನಕ್ಕೆ ಇಲ್ಲ.

ಬಹ್ರೈನ್‌ನಿಂದ ದುಬೈಗೆ ಆಕಾಶದಲ್ಲಿ 500 ಕಿಲೋಮೀಟರೂ ಇಲ್ಲ. ಅಷ್ಟು ದೂರಕ್ಕೆ ಎ320ಯಂಥ ವಿಮಾನ ಸುಮಾರು ಎರಡೂವರೆ ಟನ್ ಇಂಧನ ಸುಡುತ್ತದೆ, ಅದರಲ್ಲಿ ಮೂರರಲ್ಲೊಂದು ಪಾಲಿನಷ್ಟು ರನ್‌ವೇಯ ಓಟಕ್ಕೆ, ಮೊದಲ ಏರಿಕೆಗೆ, ಕೊನೆಯ ಇಳಿತಕ್ಕೇ ಹೋಗುತ್ತದೆ. ಹಾಗಾಗಿಯೇ ದೂರ ಕಡಿಮೆಯಾದಷ್ಟೂ ಪ್ರತಿ ಕಿಲೋಮೀಟರಿನ ಹೊಗೆ ಹೆಚ್ಚು. ಒಂದು ಕಿಲೋ ಇಂಧನದಿಂದ 3.16 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಎಂದರೆ ಒಂದು ಬದಿಯ ಹಾರಾಟಕ್ಕೆ ಎಂಟು ಟನ್, ಹೋಗಿಬರಲು ಹದಿನಾರು. 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, 2018ರಲ್ಲಿ ಜಗತ್ತಿನ ಜನರಲ್ಲಿ ವಿಮಾನ ಹತ್ತಿದವರು ನೂರಕ್ಕೆ 11 ಮಂದಿ ಮಾತ್ರ; ಪ್ರಯಾಣಿಕ ವಿಮಾನಗಳ ಹೊಗೆಯಲ್ಲಿ ಅರ್ಧದಷ್ಟಕ್ಕೆ ನೂರಕ್ಕೆ ಒಬ್ಬರೇ ಕಾರಣ. ತಿಂಗಳಿಗೊಮ್ಮೆ ಹಾರುವ ನಾವು ಯಾವ ಪಂಕ್ತಿಯಲ್ಲಿ ಕೂತಿದ್ದೇವೆ ಎಂದು ನೋಡಿಕೊಳ್ಳಬೇಕು.

ಈ ಹೊಗೆಯ ಫಲ ಎಲ್ಲೋ ಧ್ರುವಪ್ರದೇಶದಲ್ಲಿ ಕಾಣಿಸಿಕೊಳ್ಳುವುದಲ್ಲ. ವಿಮಾನ ನಿಲ್ದಾಣ ಇರುವ ಮುಹರ್ರಖ್ ಸಮುದ್ರಮಟ್ಟಕ್ಕೆ ಅಂಟಿಕೊಂಡ ದ್ವೀಪ. ಸಮುದ್ರ ಅರ್ಧ ಮೀಟರಿನಿಂದ ಎರಡು ಮೀಟರ್ ಏರಿದರೆ ಬಹ್ರೈನ್‌ನ ನೆಲದಲ್ಲಿ ಶೇ. 5ರಿಂದ 18ರಷ್ಟು ಮುಳುಗುತ್ತದೆ ಎಂದು ಈ ದೇಶದ ಪರಿಸರ ಸಚಿವರೇ ಹೇಳಿದ್ದಾರೆ. ಅತ್ತ ನಮ್ಮ ಊರಿನ ಕಡೆ ಉಳ್ಳಾಲ, ಸೋಮೇಶ್ವರ, ಉಚ್ಚಿಲದ ದಂಡೆಗಳಲ್ಲಿ ಪ್ರತಿ ಮಳೆಗಾಲವೂ ಕಡಲ್ಕೊರೆತ. ತೆಂಗಿನ ಮರಗಳು, ಮನೆಗಳು, ರಸ್ತೆಗಳು ನೀರುಪಾಲು. ಅದಕ್ಕೆ ಬೇರೆ ಕಾರಣಗಳೂ ಇವೆ, ಎಲ್ಲವನ್ನೂ ವಿಮಾನದ ತಲೆಗೆ ಕಟ್ಟುವುದು ತಪ್ಪು. ಆದರೆ ಏರುತ್ತಿರುವ ಕಡಲು ಅವೆಲ್ಲದರ ಮೇಲೆ ಬಂದು ಸೇರುವ ಹೊರೆ. ಅನ್ನ ಕೊಟ್ಟ ದ್ವೀಪವೂ ಹೆತ್ತ ಕರಾವಳಿಯೂ ಒಂದೇ ಕಡಲಿನ ಬಾಯಿಗೆ ಸಿಕ್ಕಿರುವಾಗ ನಾವು ಸುಮ್ಮನಿರುವುದು ಹೇಗೆ?

ವಿಮಾನ ಹಾರಿಸುವವರ ಮಾತನ್ನೂ ಆಡಲೇಬೇಕು. 2010ರ ಮೇ 22ರ ಬೆಳಗ್ಗೆ ದುಬೈಯಿಂದ ಬಂದ ವಿಮಾನ ಮಂಗಳೂರು ಹತ್ತಿರದ ಕೆಂಜಾರಿನ ರನ್‌ವೇ ದಾಟಿ ಕಣಿವೆಗೆ ಉರುಳಿ 158 ಜನ ಸತ್ತರು, ಎಂಟು ಜನ ಉಳಿದರು. ನಮ್ಮ ಕಡೆಯ ಹಲವು ಊರುಗಳು ಆ ದಿನ ತಮ್ಮವರನ್ನು ಕಳೆದುಕೊಂಡವು. ಕ್ಯಾಪ್ಟನ್ ಹಾದಿಯಲ್ಲಿ ಬಹಳ ಹೊತ್ತು ನಿದ್ದೆಯಲ್ಲಿದ್ದರು, ಎಚ್ಚರಾದ ಮೇಲೂ ನಿರ್ಧಾರಶಕ್ತಿ ಮಂಕಾಗಿತ್ತು, ತಪ್ಪಿದ ಇಳಿತವನ್ನು ಕೈಬಿಡಲಿಲ್ಲ ಎಂದು ತನಿಖಾ ನ್ಯಾಯಾಲಯ ಹೇಳಿತು. ಅದೇ ಸಿಬ್ಬಂದಿ ಹಿಂದಿನ ರಾತ್ರಿ ಮಂಗಳೂರಿನಿಂದ ಹೋಗಿ ಬೆಳಕು ಹರಿಯುವ ಹೊತ್ತಿಗೆ ಮರಳುತ್ತಿದ್ದರು. ಅಗ್ಗದ ದರವೇ ಆ ದುರಂತಕ್ಕೆ ಕಾರಣ ಎಂದು ನಾನು ಹೇಳುವುದಿಲ್ಲ, ತನಿಖೆಯೂ ಹಾಗೆ ಹೇಳಲಿಲ್ಲ. ಆದರೆ ರಾತ್ರಿ ಹೋಗಿ ಬೆಳಗ್ಗೆ ಬರುವ ಈ ಓಟ ಮನುಷ್ಯನ ಮೈಯಿಂದ ಏನನ್ನು ಹಿಂಡುತ್ತದೆ ಎಂಬುದು ನಮಗೆ ಗೊತ್ತಿರಬೇಕು. 2025ರ ಡಿಸೆಂಬರ್ ಮೊದಲ ವಾರ ಪೈಲಟ್‌ಗಳ ವಿಶ್ರಾಂತಿಯ ಹೊಸ ನಿಯಮಕ್ಕೆ ತಕ್ಕಷ್ಟು ಸಿಬ್ಬಂದಿ ಇಲ್ಲದೆ ಇಂಡಿಗೊ ಸಾವಿರಾರು ಹಾರಾಟ ರದ್ದು ಮಾಡಿದಾಗ ಭಾರತದ ನಿಲ್ದಾಣಗಳಲ್ಲಿ ಜನ ನೆಲದ ಮೇಲೆ ಮಲಗಿದರು. ಮನುಷ್ಯರಿಗೆ ನಿದ್ದೆ ಕೊಟ್ಟರೆ ಕುಸಿಯುವ ವೇಳಾಪಟ್ಟಿಯ ಮೇಲೆ ನಮ್ಮ ಅಗ್ಗದ ಟಿಕೆಟ್ಟುಗಳು ನಿಂತಿವೆ.

"ದ್ವೀಪದಲ್ಲಿದ್ದೇವೆ, ರೈಲಿಲ್ಲ, ಇನ್ನೇನು ಮಾಡೋದು" ಎನ್ನುತ್ತೀರಿ. ನಿಜ. 1986ರಲ್ಲಿ ತೆರೆದ 25 ಕಿಲೋಮೀಟರಿನ ಕಿಂಗ್ ಫಹದ್ ಕಾಸ್‌ವೇ ಬಿಟ್ಟರೆ ನಮಗೆ ನೆಲದ ದಾರಿಯಿಲ್ಲ. ಕುವೈತ್‌ನಿಂದ ಒಮಾನ್‌ವರೆಗೆ 2,117 ಕಿಲೋಮೀಟರ್ ಓಡಬೇಕಿದ್ದ ಗಲ್ಫ್ ರೈಲು ಇನ್ನೂ ನಮ್ಮ ದ್ವೀಪ ಮುಟ್ಟಿಲ್ಲ. ಅದಕ್ಕೇ ನಾನು ವಿಮಾನ ಹತ್ತಲೇಬೇಡಿ ಎನ್ನುತ್ತಿಲ್ಲ. ಊರಿಗೆ ಹೋಗಿ. ಅಮ್ಮನನ್ನು ನೋಡಲು, ಹೆಣಕ್ಕೆ ಹೆಗಲು ಕೊಡಲು, ಭೂತಕೋಲಕ್ಕೆ, ಉರೂಸಿಗೆ, ಮೊಂತಿ ಹಬ್ಬಕ್ಕೆ ಹೋಗಿ. ನಾಲ್ಕು ದಿನಕ್ಕೆಂದು ಎರಡು ಸಲ ಹೋಗುವ ಬದಲು ಒಮ್ಮೆಯೇ ಹೋಗಿ ಹೆಚ್ಚು ದಿನ ಇದ್ದು ಬನ್ನಿ.

ಹೋದ ಮೇಲೆ ಬೆಂಗಳೂರಿನಿಂದ ಮಂಗಳೂರಿಗೆ ಮತ್ತೊಂದು ವಿಮಾನ ಹತ್ತಬೇಡಿ. ಸಕಲೇಶಪುರ, ಸುಬ್ರಹ್ಮಣ್ಯದ ಘಾಟಿ ಇಳಿಯುವ ರಾತ್ರಿ ರೈಲಿದೆ. ರೈಲಿನ ಟಿಕೆಟ್ಟೂ ಅಗ್ಗವೇ. ಆದರೆ ಅದು ತನ್ನ ಸಾಲವನ್ನು ಮುಚ್ಚಿಡಲಿಲ್ಲ. ಪ್ರಯಾಣದ ವೆಚ್ಚದಲ್ಲಿ ಸರಾಸರಿ ಶೇ. 57 ಮಾತ್ರ ವಸೂಲಾಗುತ್ತದೆ ಎಂದು ಭಾರತೀಯ ರೈಲ್ವೆ ಟಿಕೆಟ್ಟಿನ ಮೇಲೆಯೇ ಮುದ್ರಿಸಿತು. 2022–23ರಲ್ಲಿ ಪ್ರಯಾಣಿಕರಿಗೆ ಕೊಟ್ಟ ಸಬ್ಸಿಡಿ ₹56,993 ಕೋಟಿ ಎಂದು ಸರ್ಕಾರ ಲೆಕ್ಕ ಕೊಟ್ಟಿದೆ. ಕಲ್ಲಿದ್ದಲು, ಸಿಮೆಂಟು, ಧಾನ್ಯ ಸಾಗಿಸುವ ಗೂಡ್ಸ್ ಗಾಡಿ ಆ ಭಾರ ಹೊರುತ್ತದೆ, ಕೊನೆಗೆ ಸಾಮಾನಿನ ಬೆಲೆಯಾಗಿ ನಾವೆಲ್ಲರೂ ಹೊರುತ್ತೇವೆ. ಬಡವನೂ ಕೂರುವ ಬೋಗಿಗಾಗಿ ಒಂದು ದೇಶ ತಿಳಿದು ತಿಳಿದು ಹೊತ್ತ ಹೊರೆ ಅದು, ನಾನು ಅದನ್ನು ಸಂತೋಷದಿಂದ ಹೊರುವವನು. ವೀಕೆಂಡ್ ವಿಮಾನದ ಹೊರೆಯನ್ನು ಹೊರುತ್ತೀರಾ ಎಂದು ಗುದೈಬಿಯಾದ ಕಾರ್ಮಿಕನನ್ನೂ ಉಳ್ಳಾಲದ ಮೀನುಗಾರನನ್ನೂ ಯಾರೂ ಕೇಳಲಿಲ್ಲ.

ನಾವು ಕೂಗಿದರೆ ಏನೂ ಆಗುವುದಿಲ್ಲ ಎಂದುಕೊಳ್ಳಬೇಡಿ. ಗಲ್ಫಿನಲ್ಲಿ ತೀರಿಕೊಂಡವರ ದೇಹವನ್ನು ತೂಕ ಹಾಕಿ ಕಿಲೋ ಲೆಕ್ಕದಲ್ಲಿ ದರ ಕಟ್ಟುವ ಪದ್ಧತಿ ಇತ್ತು. ಅನಿವಾಸಿ ಸಂಘಟನೆಗಳು ಪಟ್ಟು ಹಿಡಿದವು, 2019ರ ಆರಂಭದಲ್ಲಿ ಏರ್ ಇಂಡಿಯಾ ಅದನ್ನು ಬಿಟ್ಟು ನಿಗದಿತ ದರಕ್ಕೆ ಬಂತು. ದರಕ್ಕೆ ಮಿತಿ ಹಾಕಲು ಸರ್ಕಾರಕ್ಕೆ ಬರುವುದಿಲ್ಲ ಎಂಬುದೂ ಸುಳ್ಳು. 2020ರ ಮೇ ತಿಂಗಳಿನಿಂದ 2022ರ ಆಗಸ್ಟ್ ಕೊನೆಯವರೆಗೆ ಭಾರತದ ಒಳಗಿನ ಹಾರಾಟಗಳಿಗೆ ಮಿತಿ ಇತ್ತು. ದೇಶದೊಳಗೆ ಆದದ್ದು ಗಲ್ಫಿನ ಹಾದಿಗೂ ಆಗಲಿ ಎಂದು ಕೇಳಬೇಕಾದವರು ನಾವು.

ಕನ್ನಡ ಸಂಘದ ಹಿರಿಯರಲ್ಲಿ, ತುಳು, ಬ್ಯಾರಿ, ಕೊಂಕಣಿ ಕೂಟಗಳ ಮುಂದಾಳುಗಳಲ್ಲಿ ಕೈಮುಗಿದು ಕೇಳುತ್ತೇನೆ: ಜೂನ್‌ನಿಂದ ಆಗಸ್ಟ್‌ವರೆಗೆ ಮತ್ತು ಈದ್ ದಿನಗಳಲ್ಲಿ ಬಹ್ರೈನ್–ಮಂಗಳೂರು ದರಕ್ಕೆ ಮೇಲ್ಮಿತಿ ಬೇಕೆಂದು ಭಾರತದ ವಿಮಾನಯಾನ ಸಚಿವಾಲಯಕ್ಕೆ ಒಟ್ಟಾಗಿ ಮನವಿ ಬರೆಯಿರಿ. ಓದುಗರೇ, ಅದಕ್ಕೆ ಸಹಿ ಹಾಕಿ, ನಿಮ್ಮ ಲೇಬರ್ ಕ್ಯಾಂಪಿನ, ಅಡುಗೆಮನೆಯ, ಗ್ಯಾರೇಜಿನ ಗೆಳೆಯರಿಂದಲೂ ಹಾಕಿಸಿ. ಈ ಸಲದ ಈದ್ ರಜೆಗೆ ಬುಕ್ ಮಾಡಬೇಕೆಂದಿರುವ ಆ ಮೂರು ದಿನದ ಟಿಕೆಟ್ಟನ್ನು ಬುಕ್ ಮಾಡಬೇಡಿ. ಉಳಿದ ದುಡ್ಡನ್ನು, ತುರ್ತಾಗಿ ಊರಿಗೆ ಹೊರಡಬೇಕಾದ ಒಬ್ಬನ ಟಿಕೆಟ್ಟಿಗೆ ಕೊಡಿ.